ಮುತ್ತಜ್ಜನ ಚಿಲುಮೆ

ಮುರಗೋಡದಲ್ಲಿ ಸನಾದಿ ಊದುವ ಮುದಕಪ್ಪನ ಮನೆಯಲ್ಲಿ ತಂದೆ ಸತ್ತರೆ ಹಿರಿಮಗನಿಗೆ ಎರಡು ವಸ್ತು ಬರುತ್ತಿದ್ದವು: ತಲೆಗೆ ರುಮಾಲು, ಕೈಗೆ ಮುತ್ತಜ್ಜನ ಕಾಲದ ಚಿಲುಮೆ. ಹನ್ನೊಂದನೆಯ ದಿನ ಹಿರಿಯರೆದುರು ತಂಬಾಕು ತುಂಬಿ, ಕೆಂಡವಿಟ್ಟು, ಮೊದಲ ದಮ್ಮು ಎಳೆದರೆ ಅವನು ಯಜಮಾನ. ಎಂಥ ಘನಂದಾರಿ ಪದ್ಧತಿ! ಐವತ್ತು ತುಂಬುವುದರೊಳಗೆ ಆ ಯಜಮಾನನೂ ಕೆಮ್ಮಿ ಕೆಮ್ಮಿ ಮಣ್ಣು ಸೇರುತ್ತಿದ್ದ. ಮನೆತನಕ್ಕೆ ಶಾಪವಿದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಮುದಕಪ್ಪನ ಹೆಂಡತಿ ಶಟ್ಟೆವ್ವ ಮಾತ್ರ ಒಪ್ಪಿರಲಿಲ್ಲ.

ಪ್ಲೇಗು ಬಂದುಹೋದ ಮರುವರ್ಷ ಮುದಕಪ್ಪನಿಗೆ ನಲವತ್ತೆಂಟು. ಸವದತ್ತಿಯ ಮದುವೆಯೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೇ ಕೆಮ್ಮು ಒತ್ತರಿಸಿ ಬಂದು ಸನಾದಿ ನಿಂತುಹೋಯಿತು. ಬೈಸಿಕೊಂಡು ಮನೆಗೆ ಬಂದವನು ಕಫ ಒಣಗಲೆಂದು ಮತ್ತೆ ಚಿಲುಮೆಗೇ ಕೈ ಹಾಕಿದ. ಶಟ್ಟೆವ್ವನಿಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಮಲಕಾಜಪ್ಪ ಕಾಕಾಗ ಎಷ್ಟ ವರ್ಷ ಆದುವ್ರಿ?"

"ಎಂಬತ್ತ ಆಗಿರಬೇಕು. ಯಾಕ?"

"ಅಂವಾ ಕಿರೇ ಮಗ, ಅಂವನ ಕೈಗಿ ಚಿಲಮಿ ಬರಲಿಲ್ಲ. ನಿಮ್ಮ ಅಜ್ಜಗ ಬಂತು, ಅಪ್ಪಗ ಬಂತು, ಈಗ ನಿಮಗ. ಶಾಪ ಮನಿತನಕ್ಕಲ್ಲರೀ, ಈ ಚಿಲಮಿಗಿ ಐತಿ!"

ಶಟ್ಟೆವ್ವ ಗಂಡನ ಕೈಯಿಂದ ಚಿಲುಮೆ ಕಸಿದು, ಹಿತ್ತಲಲ್ಲಿ ಕುಣಿ ತೋಡಿ ಹೂತಳು. ಹನ್ನೊಂದನೆಯ ದಿನ ಹೋಳಿಗೆ ಮಾಡಿ, "ಚಿಲಮಿ ಸತ್ತೈತಿ, ಅದರ ದಿನಾ ಮಾಡೇನಿ, ಉಣ್ಣಾಕ ಬರ್ರಿ" ಎಂದು ಹಿರಿಯರನ್ನು ಕರೆದಳು. ಊರು ನಕ್ಕಿತು. ಹಿರಿಯರೂ ನಕ್ಕರು, ಆದರೆ ಹೋಳಿಗೆ ಬಿಡಲಿಲ್ಲ.

ಮುದಕಪ್ಪ ತಿಂಗಳುಗಟ್ಟಲೆ ಸಿಡಿಮಿಡಿಗೊಂಡ. ಚಟ ಸುಮ್ಮನೆ ಬಿಟ್ಟೀತೇ? ಹಿತ್ತಲಿಗೆ ಹೋಗಿ ಆ ಕುಣಿಯನ್ನೇ ನೋಡುತ್ತ ನಿಂತಾಗಲೆಲ್ಲ ಶಟ್ಟೆವ್ವ ಸನಾದಿ ತಂದು ಕೈಗಿಡುತ್ತಿದ್ದಳು. ಮೊದಮೊದಲು ನಾಲ್ಕು ಸ್ವರಕ್ಕೇ ಏದುಸಿರು. ಮಳೆಗಾಲ ಮುಗಿಯುವಷ್ಟರಲ್ಲಿ ಕೆಮ್ಮು ತಗ್ಗಿತು. ಐವತ್ತು ತುಂಬಿತು, ಐವತ್ತೊಂದೂ ತುಂಬಿತು. ಶಟ್ಟೆವ್ವ ಆ ದಿನ ದೇವರ ಮುಂದೆ ಕೂತು ಮನಸಾರೆ ಅತ್ತಳು.

ಅರವತ್ತನೆಯ ವರ್ಷ ಮನೋಳಿಯಲ್ಲಿ ಹಿರಿಮಗ ರಾಯಪ್ಪನ ಮದುವೆ. ಮುದಕಪ್ಪ ಹೊಳೆದಂಡೆಯಿಂದ ಹಂದರದವರೆಗೂ ಊದಿದ. ತಾಳಿ ಬಿತ್ತು, ಕೊನೆಯ ಅಕ್ಷತೆಯೂ ಬಿತ್ತು, ಸ್ವರ ಒಮ್ಮೆಯೂ ತುಂಡಾಗಲಿಲ್ಲ. ಆಮೇಲೆ ತನ್ನ ತಲೆಯ ರುಮಾಲು ಬಿಚ್ಚಿ ಮಗನ ತಲೆಗೆ ಸುತ್ತಿದ. ಆ ಮನೆತನದಲ್ಲಿ ತಂದೆ ತನ್ನ ಕೈಯಾರೆ ಮಗನಿಗೆ ರುಮಾಲು ಸುತ್ತಿದ್ದು ಅದೇ ಮೊದಲು. ಶಟ್ಟೆವ್ವನ ಎದೆ ಉಬ್ಬಿತು.

ಹಿರಿಯ ಕಾಡಪ್ಪ ತಲೆ ಕೆರೆದುಕೊಂಡ. "ರುಮಾಲ ಆತು. ಚಿಲಮಿ ಎಲ್ಲೈತಿ?"

"ಅದರ ದಿನಾ ಆಗಿ ಹನ್ನೆರಡ ವರ್ಷ ಆತಲ್ರೀ ಯಪ್ಪಾ," ಎಂದಳು ಶಟ್ಟೆವ್ವ. "ನೀವೂ ಬಂದು ಹೋಳಿಗಿ ಉಂಡೀರಿ!"