ಮುಗಿಸದ ಮಾತ್ರೆಗಳು

ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನದು ಒಂದೇ ಕೆಲಸ. ರೋಗಿಗಳ ಕೀವು, ರಕ್ತದಲ್ಲಿರುವ ರೋಗಾಣುಗಳನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನಿಟ್ಟು ನೋಡುವುದು. ಬಿಲ್ಲೆಯ ಸುತ್ತ ಜಾಗ ಖಾಲಿಯಾದರೆ ಔಷಧ ನಾಟುತ್ತದೆ. ಬಿಲ್ಲೆಯ ಅಂಚಿನವರೆಗೂ ರೋಗಾಣುಗಳು ಬೆಳೆದಿದ್ದರೆ ಆ ಔಷಧಕ್ಕೆ ಅವು ಕ್ಯಾರೇ ಅನ್ನುವುದಿಲ್ಲ. ಸಿಕ್ಕಸಿಕ್ಕಿದ್ದಕ್ಕೆಲ್ಲ ಆಂಟಿಬಯೋಟಿಕ್ ಬರೆಯುವ ಡಾಕ್ಟರುಗಳನ್ನು ಬೈಯುವುದರಲ್ಲಿ ನಾನು ಎತ್ತಿದ ಕೈ.

ಮನೆಯ ಸಂಗತಿ ಬೇರೆ. ಅಕ್ಕನಿಗೆ ನಾನು 'ಅರ್ಧ ಡಾಕ್ಟರು'. ಗಂಟಲು ಕೆರೆದರೆ ಸಾಕು, ನನ್ನನ್ನು ಕೇಳುವಳು. ನಾನೂ ದೊಡ್ಡ ಜಾಣೆಯ ಹಾಗೆ ಪರಿಚಯದ ಔಷಧಿ ಅಂಗಡಿಯಿಂದ ಮಾತ್ರೆ ತಂದುಕೊಡುತ್ತಿದ್ದೆ. ಎರಡು ದಿನಕ್ಕೆ ಜ್ವರ ಬಿಟ್ಟರೆ ಉಳಿದದ್ದು ಡಬ್ಬಿ ಸೇರುತ್ತಿತ್ತು, ಮುಂದಿನ ಸಲಕ್ಕೆ.

ನಮ್ಮ ಆಸ್ಪತ್ರೆಯಲ್ಲೇ ಮಂಡಿ ಬದಲಿಸುವ ಆಪರೇಷನ್ ಆದ ಆರನೇ ದಿನ ಅಕ್ಕನ ಹೊಲಿಗೆಯಲ್ಲಿ ಕೀವು ಕಂಡಿತು. ಸೋಂಕು ಮೂಳೆಗಿಳಿದರೆ ಕಾಲೇ ಹೋಗಬಹುದು ಎಂದರು ಸರ್ಜನ್. ಕೀವನ್ನು ಲ್ಯಾಬಿಗೆ ಕಳಿಸಿದ್ದಾಯಿತು. ವರದಿಗೆ ಎರಡು ದಿನ ಬೇಕು, ಔಷಧ ಮಾತ್ರ ಈಗಲೇ ಶುರುವಾಗಬೇಕು.

"ಆರು ತಿಂಗಳಲ್ಲಿ ಯಾವುದಾದ್ರೂ ಆಂಟಿಬಯೋಟಿಕ್ ತಗೊಂಡಿದ್ದೀರೇನಮ್ಮಾ?" ಅವರು ಕೇಳಿದರು.

"ಅಯ್ಯೋ, ನಂಗೆಲ್ಲಿ ಜ್ವರ ಡಾಕ್ಟ್ರೇ? ಗುಂಡುಕಲ್ಲಿನ ಹಾಗಿದ್ದೆ," ಎಂದಳು ಅಕ್ಕ, ನನ್ನತ್ತ ತಿರುಗಿಯೂ ನೋಡದೆ.

ನನ್ನನ್ನು ಉಳಿಸುತ್ತಿದ್ದಳು. ಆಸ್ಪತ್ರೆಯ ಸಿಬ್ಬಂದಿಯೇ ಚೀಟಿಯಿಲ್ಲದೆ ಔಷಧ ಕೊಟ್ಟಳೆಂದು ಗೊತ್ತಾದರೆ ಮರ್ಯಾದೆ ಮೂರಾಬಟ್ಟೆ, ಕೆಲಸಕ್ಕೂ ಸಂಚಕಾರ. ಸರ್ಜನ್ ಇಂಜೆಕ್ಷನ್ನಿನ ಹೆಸರು ಬರೆದು ನರ್ಸಿಗೆ ಹೇಳಿದರು. ನಾನು ಕೊಡುತ್ತಿದ್ದ ಮಾತ್ರೆಯ ಜಾತಿಯದೇ. ಅರ್ಧಕ್ಕೆ ಬಿಟ್ಟ ಔಷಧಕ್ಕೆ ರೋಗಾಣುಗಳು ಪಳಗಿಬಿಟ್ಟಿರುತ್ತವೆ. ಸುಮ್ಮನಿದ್ದರೆ ಎರಡು ದಿನ ಅಕ್ಕನ ಮೈಗೆ ಹೋಗುವುದು ನೀರಿಗೆ ಸಮಾನ.

"ಅದು ಬೇಡ ಸರ್," ಎಂದೆ. "ಅದೇ ಜಾತಿ ಮಾತ್ರೆ ಮೂರು ಸಲ ತಗೊಂಡಿದ್ದಾಳೆ. ಒಂದು ಸಲವೂ ಪೂರ್ತಿ ಮುಗಿಸಿಲ್ಲ. ಕೊಟ್ಟಿದ್ದು ನಾನೇ."

"ಬಾಯಿ ಮುಚ್ಚೇ!" ಅಕ್ಕ ಗದರಿದಳು.

"ನೀವೇ ಹಿಂಗೆ ಮಾಡಿದ್ರೆ ಹೇಗ್ರೀ?" ಎಂದ ಸರ್ಜನ್, ಬರೆದದ್ದನ್ನು ಹೊಡೆದುಹಾಕಿ ಬೇರೆ ಔಷಧ ಬರೆದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಎರಡು ದಿನದ ಮೇಲೆ ತಟ್ಟೆಯನ್ನು ನಾನೇ ತೆರೆದೆ. ಹೊಸ ಔಷಧದ ಬಿಲ್ಲೆಯ ಸುತ್ತ ಅಗಲವಾಗಿ ಖಾಲಿ. ನನ್ನ ಮಾತ್ರೆಯ ಬಿಲ್ಲೆಗೆ ಮಾತ್ರ ರೋಗಾಣುಗಳು ಒತ್ತಿಕೊಂಡು ಬೆಳೆದಿದ್ದವು. ಸಮಾಧಾನಕ್ಕೋ ಸಂಕಟಕ್ಕೋ, ಅಳು ಬಂತು.

ಸೋಂಕು ಬೇರೆಯವರಿಗೆ ಹರಡದಿರಲೆಂದು ಗೌನು, ಗ್ಲೌಸು ತೊಟ್ಟು ಅಕ್ಕನ ಪಕ್ಕ ಕೂತೆ. ಜ್ವರ ಇಳಿದಿತ್ತು. ಕಾಲಿಗೆ ಭಯವಿಲ್ಲ ಎಂದು ಬೆಳಿಗ್ಗೆಯೇ ಹೇಳಿದ್ದರಂತೆ.

"ತಪ್ಪಾಯ್ತಕ್ಕ," ಎಂದೆ. ಅಷ್ಟಕ್ಕೇ ಬಿಡಲಾಗದೆ ಅವಳ ಮೇಲೇ ರೇಗಿದೆ. "ಆದ್ರೂ ಕೊಟ್ಟಿದ್ದನ್ನೆಲ್ಲ ಸುಮ್ನೆ ನುಂಗೋದಾ? ಯಾಕೆ, ಏನು ಅಂತ ಒಂದು ಮಾತು ಕೇಳ್ಬಾರ್ದಿತ್ತಾ?"

"ಬೇರೆ ಯಾರೇ ಕೊಟ್ಟಿದ್ರೂ ಕೇಳ್ತಿದ್ದೆ ಕಣೇ," ಎಂದಳು ಅಕ್ಕ. "ಕೊಟ್ಟಿದ್ದು ನೀನಲ್ವಾ."