ಹೆಚ್ಚುವರಿ ಹಾಲು

‘ಮಿಕ್ಕ ಹಾಲನ್ನು ಏನು ಮಾಡುವುದೆಂಬುದೇ ಅಲ್ಲಿಯ ಸಮಸ್ಯೆ’ ಎಂದು ಇಂಗ್ಲಿಷಿನಲ್ಲಿ ಬರೆಯುವಷ್ಟರಲ್ಲಿ ಗೋಡೆಯಾಚೆ ಮಗು ಅಳತೊಡಗಿತು. ಮಸೂದಾ ಪೆನ್ನು ಕೆಳಗಿಟ್ಟು ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡಳು. ಪ್ರಯೋಜನವಾಗಲಿಲ್ಲ. ಬೆಳಿಗ್ಗೆ ಬದಲಿಸಿದ್ದ ರವಿಕೆ ಮತ್ತೆ ಒದ್ದೆಯಾಯಿತು.

ಅಳುತ್ತಿದ್ದುದು ಪಕ್ಕದ ಮನೆಯ ಹಲೀಮತಳ ಮಗು. ಮಸೂದಾಳದು ಹುಟ್ಟಿದ ಮೂರನೆಯ ದಿನವೇ ಹೋಗಿತ್ತು. ಹೋಗಿ ಒಂಬತ್ತು ದಿನ. ಹಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಅರಬರ ನಾಡಿನ ಉನೈಜಾ ಪಟ್ಟಣದಿಂದ ಮುಕ್ಕಾಲು ಗಂಟೆಯ ದಾರಿ, ಮರಳಿನ ನಡುವೆ ಎರಡು ಸಾವಿರ ಹಸುಗಳ ಡೈರಿ. ಬೇಲಿಯೊಳಗೇ ನೌಕರರ ಹಲಗೆಯ ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಗಂಡ ಯಹ್ಯಾ ಅಲ್ಲಿ ದಾಖಲೆ ಗುಮಾಸ್ತ. ಯಾವ ನಂಬರಿನ ಹಸು ಎಂದು ಕರು ಹಾಕಿತು, ಎಷ್ಟು ಲೀಟರ್ ಕೊಟ್ಟಿತು ಎಂದು ಬರೆದಿಡುವವನು. ವರದಿ ಬರೆಯುವ ಕೆಲಸ ಬಂದಾಗ ಕಾಗದಗಳನ್ನು ಮನೆಗೆ ತರುತ್ತಿದ್ದ. ಮಂಗಳೂರಿನಲ್ಲಿ ಬಿ.ಎ. ಮಾಡಿದವಳು ಮಸೂದಾ. ಬರಹ ಅವಳದು, ಕೆಳಗಿನ ಸಹಿ ಅವನದು. ಈ ಬಗ್ಗೆ ಇಬ್ಬರೂ ಎಂದೂ ಮಾತಾಡಿರಲಿಲ್ಲ. ಮಾತಾಡದೆ ಇರುವುದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಿತ್ತು.

ಈ ಸಲದ ಕಾಗದಗಳು ಯುರೋಪಿನ ಒಂದು ಹೈನುಗಾರಿಕೆ ಪತ್ರಿಕೆಯವು. ಡೈರಿಯ ಯಜಮಾನರು ಡೆನ್ಮಾರ್ಕಿನಿಂದ ಮುನ್ನೂರು ಗಬ್ಬದ ಕಡಸುಗಳನ್ನು ತರಿಸುವವರಿದ್ದರು. ಅಲ್ಲಿ ಈಗ ಹಸುಗಳು ಯಾಕೆ ಇಷ್ಟು ಸುಲಭವಾಗಿ ಸಿಗುತ್ತವೆ ಎಂಬುದಕ್ಕೆ ಎರಡು ಪುಟ ಬೇಕು, ಸಂಜೆಯೊಳಗೆ.

ಸಿಗದೆ ಏನು? ಎರಡು ವರ್ಷದ ಹಿಂದೆ, ಎಂಬತ್ತನಾಲ್ಕರಲ್ಲಿ, ಅಲ್ಲಿಯ ದೇಶಗಳು ಸೇರಿ ಹಾಲಿಗೆ ಮಿತಿ ಹಾಕಿದ್ದವು. ಗೋದಾಮುಗಳಲ್ಲಿ ಬೆಣ್ಣೆ ಗುಡ್ಡವಾಗಿತ್ತು. ಹೇಳಿದ್ದಕ್ಕಿಂತ ಹೆಚ್ಚು ಕರೆದರೆ ದಂಡ. ರೈತರು ಹಸುಗಳನ್ನು ಕಡಿಮೆ ಮಾಡಿದರು. ಕೆಲವು ಕಸಾಯಿಖಾನೆಗೆ, ಕೆಲವು ಹಡಗಿಗೆ. ಉಳಿದವು ಮೊದಲಿಗಿಂತ ಹೆಚ್ಚು ಕೊಡುತ್ತಿವೆ. ಹಿಂಡು ಕರಗಿದಷ್ಟು ಹಾಲು ಕರಗುತ್ತಿಲ್ಲ ಎಂದು ಪತ್ರಿಕೆ ಒಂದು ಬಗೆಯ ಬೇಸರದಿಂದ ಹೇಳಿತ್ತು.

ಮಗು ಇನ್ನೂ ಅಳುತ್ತಿತ್ತು. ಜ್ವರ ಬಂದು ಹಲೀಮತಳ ಹಾಲು ಬತ್ತಿತ್ತು. ಡಬ್ಬಿಯ ಪುಡಿ ಮಗುವಿಗೆ ಒಗ್ಗಿರಲಿಲ್ಲ. ‘ನಾನು ಕುಡಿಸಲಾ?’ ಎಂದು ಮೊನ್ನೆ ಮಸೂದಾ ಕೇಳಿದ್ದಳು. ‘ಇವರಲ್ಲಿ ಕೇಳಿ ಹೇಳ್ತೇನೆ’ ಎಂದಿದ್ದಳು ಹಲೀಮತ್.

ಬುರ್ಖಾ ಎಳೆದುಕೊಂಡು ಮಸೂದಾ ಆರು ಹೆಜ್ಜೆ ನಡೆದು ಪಕ್ಕದ ಬಾಗಿಲು ತಟ್ಟಿದಳು.

“ನೀನಾ? ನಲ್ವತ್ತು ದಿನ ಆಗದೆ ಈ ಬಿಸಿಲಿಗೆ ಎಂತಕ್ಕೆ ಹೊರಗೆ ಬಂದದ್ದು ಮಾರಾಯ್ತಿ?”

“ಮಗು ಅಳೂದು ಕೇಳಿತು.”

“ಅದಕ್ಕೆ ಬೇರೆ ಕೆಲಸ ಎಂತ ಉಂಟು? ಅಪ್ಪನ ಹಾಗೆಯೇ. ಬಾಯಿಯೇ ಬಂಡವಾಳ.”

ಹಲೀಮತ್ ನಕ್ಕಳು. ನಗುತ್ತಲೇ ಮಗುವನ್ನು ಆಚೆಯ ಹೆಗಲಿಗೆ ಬದಲಿಸಿಕೊಂಡಳು.

“ಡಬ್ಬಿ ಹಾಲು ಹೊಟ್ಟೆಯಲ್ಲಿ ನಿಲ್ತದಾ?”

“ಸ್ವಲ್ಪ ಕಕ್ತದೆ. ಸ್ವಲ್ಪ ನಿಲ್ತದೆ.”

“ಮೊನ್ನೆ ಕೇಳಿದ್ದೆನಲ್ಲ.”

“ಹೌದಲ್ಲ.” ಹಲೀಮತ್ ಮಗುವಿನ ಬೆನ್ನು ತಟ್ಟಿದಳು. “ನೋಡು ಮಸೂದಾ, ನಾನು ಎಣಿಸಿದ್ದು ಬೇರೆ. ನಾಳೆ ನಿನಗೊಂದು ಗಂಡು ಆಗ್ತದೆ, ಇನ್ಶಾ ಅಲ್ಲಾಹ್. ಇವಳನ್ನು ನಿನ್ನ ಮನೆಗೇ ಸೊಸೆ ಮಾಡಿ ಕೊಡ್ತೇನೆ. ಈಗ ನಿನ್ನ ಹಾಲು ಕುಡಿದ್ರೆ ಅವರು ಅಕ್ಕ ತಮ್ಮ ಆಗೂದಿಲ್ವಾ? ಮತ್ತೆ ನಿಕಾಹ್ ಉಂಟಾ?”

ಒಂದೇ ಎದೆಯ ಹಾಲುಂಡವರು ಒಡಹುಟ್ಟಿದವರು, ಇಬ್ಬರಿಗೂ ಗೊತ್ತಿದ್ದದ್ದೇ. ಇನ್ನೂ ಹುಟ್ಟದ ಗಂಡಿನ ಮದುವೆ ಕೆಡದಿರಲೆಂದು ಹುಟ್ಟಿದ ಹೆಣ್ಣು ಹಸಿದಿತ್ತು. ಬೇಡ ಎನ್ನಲು ಇದಕ್ಕಿಂತ ಮರ್ಯಾದೆಯ ದಾರಿ ಇರಲಾರದು ಎನಿಸಿತು ಮಸೂದಾಳಿಗೆ.

“ನಿಮ್ಮವರು ಎಂತ ಹೇಳಿದ್ರು?”

“ಅವರಿಗೆ ಹೆದರಿಕೆ.”

“ಎಂತದ್ದು?”

“ಸುಮ್ಮನೆ. ಗಂಡಸರಿಗೆ ಎಂತದ್ದು ಹೆದರಿಕೆ ಅಂತ ಉಂಟಾ? ಕೂತ್ಕೋ, ಚಾ ಮಾಡ್ತೇನೆ.”

ಆಗ ಕಂಡಿತು. ಮಗುವಿನ ಕೊರಳಲ್ಲಿ ಕಪ್ಪು ದಾರ, ಅದರ ತುದಿಗೊಂದು ತಾಯಿತ. ಮೊನ್ನೆ ಇರಲಿಲ್ಲ. ಮಗು ಸತ್ತವಳ ಹಾಲು. ಆ ಮಾತನ್ನು ಯಾರೂ ಆಡಲಿಲ್ಲ. ಚಾ ಕುದಿಯಿತು. ಅದಕ್ಕೆ ಹಲೀಮತ್ ಡೈರಿಯ ಹಾಲನ್ನು ಧಾರಾಳವಾಗಿ ಹಾಕಿದಳು. ಮಸೂದಾ ಕುಡಿದಳು. ಚೆನ್ನಾಗಿದೆ ಎಂದೂ ಹೇಳಿದಳು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಯಹ್ಯಾ ಬಂದ. ಕೈಯಲ್ಲಿ ಸ್ಟೀಲಿನ ಕ್ಯಾನು. ಪ್ರತಿ ಮನೆಗೂ ದಿನಕ್ಕೆ ಎರಡು ಲೀಟರ್ ಪುಕ್ಕಟೆ.

“ಮುಗೀತಾ?”

“ಇನ್ನು ನಾಲ್ಕು ಸಾಲು.”

ಅವನು ಕ್ಯಾನನ್ನು ಮೂಲೆಗಿಟ್ಟು ಕಿಟಕಿಯ ಹತ್ತಿರ ನಿಂತ.

“ಮ್ಯಾನೇಜರಲ್ಲಿ ಕೇಳಿದೆ.”

“ಎಂತ?”

“ಅದೇ... ಹಾಲು ಬತ್ತಿಸೂದು ಹೇಗೆ ಅಂತ. ಹಿಂಡಬಾರದಂತೆ. ಹಿಂಡಿದಷ್ಟೂ ಬರ್ತದಂತೆ. ಮೇವು ಕಮ್ಮಿ—” ಅವನು ಅಲ್ಲಿಗೇ ನಿಲ್ಲಿಸಿದ.

“ಯಾರಿಗೆ ಅಂತ ಹೇಳಿದ್ರಿ?”

“ಹೇಳ್ಲಿಲ್ಲ. ಅವನು ನಂಬರ್ ಕೇಳಿದ.”

“ಕೊಟ್ರಾ?”

“ಯಾವುದೋ ಒಂದು ಕೊಟ್ಟೆ.”

ನಗಬೇಕೆನಿಸಿತು. ಅವನ ಚಪ್ಪಲಿಯಲ್ಲಿ ಮರಳಿತ್ತು. ಆ ದಿನವೂ ಹೀಗೇ ಮರಳು ತುಂಬಿಕೊಂಡು ಬಂದಿದ್ದ, ಮಣ್ಣು ಮಾಡಿ. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ.

“ಮಗುವಿನದ್ದು ಎಷ್ಟನೇ ಸಾಲು?” ಎಂದಳು.

“ಮೂರೋ ನಾಲ್ಕೋ. ಕಲ್ಲು ಇಟ್ಟಿದ್ದೇವೆ.”

“ಗುರುತು ಸಿಕ್ತದಾ?”

“ಎಲ್ಲಕ್ಕೂ ಒಂದೇ ತರದ ಕಲ್ಲು.”

ಅವಳು ನಾಲ್ಕು ಸಾಲು ಮುಗಿಸಿ ಕೊಟ್ಟಳು. ಅವನು ನಿಂತೇ ಓದಿದ. ಕೊನೆಯ ವಾಕ್ಯಕ್ಕೆ ಬಂದು ಮತ್ತೊಮ್ಮೆ ಓದಿದ. ‘ಈ ಹಸುಗಳ ಕರುಗಳು ಏನಾದವು ಎಂದು ಪತ್ರಿಕೆ ತಿಳಿಸುವುದಿಲ್ಲ.’

“ಇದು ಬೇಡ.”

“ನಿಜ ಅಲ್ವಾ?”

“ನಿಜವೇ. ಆದ್ರೆ ಅದನ್ನು ಕೇಳಿದವರು ಯಾರು?”

ಸ್ಕೇಲು ಇಟ್ಟು, ನೇರವಾಗಿ, ಒಂದೇ ಗೆರೆಯಲ್ಲಿ ಹೊಡೆದುಹಾಕಿದ. ಕೆಳಗೆ ಸಹಿ ಮಾಡಿದ. ಬಾಗಿಲಲ್ಲಿ ಒಂದು ಕ್ಷಣ ನಿಂತು, “ಚಂದ ಬರ್ದಿದ್ದೀ” ಎಂದ. ಪಿಕಪ್ಪಿನ ಸದ್ದು ದೂರವಾಯಿತು.

ಕಿಟಕಿಯಾಚೆ ಕೊಟ್ಟಿಗೆಗಳ ಸಾಲು. ದೊಡ್ಡ ಫ್ಯಾನುಗಳು ಹಸುಗಳ ಮೇಲೆ ನೀರಿನ ಹನಿ ಎರಚುತ್ತಿದ್ದವು. ಹನಿ ನೆಲ ಮುಟ್ಟುವ ಮೊದಲೇ ಇಲ್ಲವಾಗುತ್ತಿತ್ತು.

ಮಗು ಮತ್ತೆ ಅತ್ತಿತು. ಈಗ ಜೋರಿರಲಿಲ್ಲ, ಕೇಳುವವರಿಲ್ಲವೆಂದು ತಿಳಿದಂತೆ ಸಣ್ಣಗೆ, ಎಳೆದು ಎಳೆದು. ಮಸೂದಾ ಎದ್ದಳು. ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟಳು. ತೆಗೆದಳು, ಚಿಲಕವನ್ನಲ್ಲ, ಕೈಯನ್ನು.

ನಡುಗೋಡೆಯಲ್ಲಿ ಡೈರಿಯ ಕ್ಯಾಲೆಂಡರ್ ತೂಗುತ್ತಿತ್ತು: ಹಸಿರು ಹುಲ್ಲಿನಲ್ಲಿ ನಿಂತ ಕಪ್ಪು ಬಿಳಿ ಹಸು, ಹಿಂದೆ ಕೆಂಪು ಮಾಡಿನ ಮನೆ. ಗೋಡೆಯ ಆಚೆ ಬದಿಗೇ ಹಲೀಮತಳ ತೊಟ್ಟಿಲು. ಮಸೂದಾ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ ನೆಲಕ್ಕಿಟ್ಟಳು. ರವಿಕೆಯ ಗುಂಡಿ ಬಿಚ್ಚಿದಳು. ಎದೆಯನ್ನು ಹಲಗೆಗೆ ಆನಿಸಿ ಕಣ್ಣು ಮುಚ್ಚಿದಳು.

ಹಲಗೆ ತಣ್ಣಗಿತ್ತು. ಮಗುವಿನ ಅಳು ಅದರೊಳಗಿಂದ ಸಣ್ಣ ನಡುಕವಾಗಿ ಬಂದು ಅವಳ ಚರ್ಮಕ್ಕೆ ತಾಗಿತು. ಹಾಲು ಇಳಿಯಿತು. ಬಣ್ಣದ ಮೇಲೆ ಎರಡು ಗೆರೆಯಾಗಿ ಜಾರಿ ಚಾಪೆಗೆ ಹೋಯಿತು. ಅವಳು ಒರೆಸಲಿಲ್ಲ.

ಆಚೆ ಅಳು ನಿಂತಿತು. ಕುಡಿದು ನಿಂತದ್ದೋ, ದಣಿದು ನಿಂತದ್ದೋ.

ಹಾಲು ನಿಂತಿರಲಿಲ್ಲ.