ಹಡಗಿನವನ ಕೊನೆಯ ಹಾಡು

ಸೋಫಾ ರಿಪೇರಿಯವರ ಮಗಳು ಗುಬ್ಬಿ ಆ ಭಾನುವಾರ ಬೆಳಿಗ್ಗೆಯಿಂದ ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಲಂಬುವಿನ ತಲೆ ತಿಂದಿದ್ದಳು.

"ನೋಡು, ಅಪ್ಪ ಸಂಬಳ ಎಷ್ಟು ಅಂತ ಕೇಳ್ತಾರೆ, ಹೇಳು. ಅಡುಗೆ ಬರತ್ತಾ ಅಂತಾರೆ, ಬರದಿದ್ರೂ ಬರತ್ತೆ ಅನ್ನು. ಆದ್ರೆ 'ಹಡಗು' ಹಾಕಿದಾಗ ಮಾತ್ರ ಬಾಯಿಗೆ ಬೀಗ. ಕೊನೇ ಹಾಡಿನ ವಿಷಯ ನಿನ್ನ ಬಾಯಿಂದ ಬಂತೋ, ಮೆಟ್ಟಿಲ ಮೇಲಿಂದ ನಾನೇ ತಳ್ತೀನಿ!"

ಹೆಣ್ಣು ಕೇಳಲು ಬರುವ ಹುಡುಗನಿಗೆ ಯಾರಾದರೂ ಹೇಳುವ ಬುದ್ಧಿಮಾತೇ ಇದು? ಏನು ಮಾಡೋಣ, ಆ ಮನೆಯ ಸಮಾಚಾರವೇ ಹಾಗೆ.

ಗುಬ್ಬಿಯ ಅಪ್ಪನ ಕಾರ್ಖಾನೆ ಎಂದರೆ ಮನೆಯ ಕೆಳಗಿನ ಒಂದು ಉದ್ದನೆಯ ಕೋಣೆ. ಹೊಟ್ಟೆ ಬಿಚ್ಚಿದ ಕುರ್ಚಿಗಳು, ಗೋಡೆಗೆ ಒರಗಿದ ಫೋಮ್ ಹಾಳೆಗಳು, ರೆಕ್ಸಿನ್ ಸುರುಳಿಗಳು, ಇಡೀ ಕೋಣೆಗೆ ಅಂಟಿನ ವಾಸನೆ. ಕಿಟಕಿಯ ಕಟ್ಟೆಯ ಮೇಲೆ ಹಳೆಯ ಟೇಪ್ ರೆಕಾರ್ಡರ್. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ರಾಕ್ ಇಲ್ಲವೇ ಮೆಟಲ್ ಸಂಗೀತ ಹಾಕಿಕೊಂಡು ನಿಂತರೆಂದರೆ ಅಪ್ಪನಿಗೆ ಹಸಿವೂ ಇಲ್ಲ, ಬಾಯಾರಿಕೆಯೂ ಇಲ್ಲ. ಅದರಲ್ಲೂ ಯಾವ ಕೆಲಸಕ್ಕೆ ಯಾವ ಆಲ್ಬಮ್ ಎನ್ನುವುದು ಬಲು ಕಟ್ಟುನಿಟ್ಟು. ಹಳೇ ಪಿನ್ನು ಕೀಳಲು, ಡ್ರಮ್ಮು ದೌಡು ಹೊಡೆಯುವ ಹಸಿರು ಕ್ಯಾಸೆಟ್ಟು. "ಇದನ್ನ ಹಾಕಿದ್ರೆ ಪಿನ್ನುಗಳೇ ಹೆದರಿ ಎದ್ದು ಬರ್ತವೆ" ಎನ್ನುತ್ತಿದ್ದರು. ಸ್ಪ್ರಿಂಗ್ ಕಟ್ಟಲು, ಇಬ್ಬರು ಗಿಟಾರಿನವರು ಹೆಗಲಿಗೆ ಹೆಗಲು ಕೊಟ್ಟು ನಡೆಯುವ ಇನ್ನೊಂದು. ಚರ್ಮ ಕತ್ತರಿಸುವಾಗ ಮಾತ್ರ ಅತಿ ನಿಧಾನದ, ಅತಿ ಭಾರದ ಆಲ್ಬಮ್ಮೇ ಆಗಬೇಕು. ಒಮ್ಮೆ ಮರೆತು ಹಸಿರು ಕ್ಯಾಸೆಟ್ಟು ಹಾಕಿಕೊಂಡು ಕತ್ತರಿ ಆಡಿಸಿ, ವಕೀಲರ ಕುರ್ಚಿಯ ಒಂದು ಕೈಗೆ ಚರ್ಮ ಸಾಲದೆ ಹೋಗಿತ್ತು. ಮಹಡಿಯಿಂದ ಅಮ್ಮ, "ರೀ, ಆ ಕಿರುಚೋ ಪುಣ್ಯಾತ್ಮನ ಗಂಟಲಿಗೆ ಯಾರಾದ್ರೂ ಬಿಸಿನೀರು ಕೊಡಿ!" ಎಂದು ಕೂಗದ ದಿನವೇ ಇರಲಿಲ್ಲ.

ಇವೆಲ್ಲಕ್ಕೂ ಕಿರೀಟವೆಂದರೆ 'ಹಡಗು'. ಆಲ್ಬಮ್ಮಿನ ನಿಜವಾದ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅಪ್ಪನ ಹರೆಯದಲ್ಲಿ ಗೆಳೆಯನೊಬ್ಬ ಯಾರದೋ ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ತುಂಬಿಸಿ, ಮೇಲೆ ಅಲೆಗೆ ಸಿಕ್ಕ ಹಡಗೊಂದನ್ನು ಪೆನ್ನಿನಲ್ಲಿ ಬರೆದುಕೊಟ್ಟಿದ್ದ. ಕೆಲಸ ಪೂರ್ತಿ ಮುಗಿದು, ಹೊಸ ಸೋಫಾದ ಮೇಲಿನ ದೂಳು ಕೊಡವಿ, ಅದರ ಮೇಲೇ ಕುಳಿತು ಕೇಳುವುದು ಇದೊಂದನ್ನು. ಹಾಡಿನ ಭಾಷೆ ಅರ್ಧಂಬರ್ಧ ಬರುತ್ತಿದ್ದರೂ ನಿಘಂಟು ಹಿಡಿದು ಸಾಲು ಸಾಲೂ ಬಿಡಿಸಿಕೊಂಡಿದ್ದರು. ಬಿರುಗಾಳಿಗೆ ಸಿಕ್ಕ ನಾವಿಕನ ಕತೆ ಅದು. ಕೊನೆಯ ಹಾಡಿನಲ್ಲಿ ಹಡಗು ಒಡೆಯುತ್ತದೆ, ನಾವಿಕ ನೀರಿಗೆ ಬೀಳುತ್ತಾನೆ, ಮನೆಯವರ ಹೆಸರು ಹಿಡಿದು ಕೂಗುತ್ತಾನೆ. ಆ ಕೂಗು ಅರ್ಧಕ್ಕೆ ಬರುವಷ್ಟರಲ್ಲಿ ಟಕ್! ನಿಶ್ಶಬ್ದ.

"ನುಂಗಿಬಿಡ್ತು ಸಮುದ್ರ!" ಎಂದು ಅಪ್ಪ ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದರು. "ಮಾತು ಬಾಯಲ್ಲಿರೋವಾಗ್ಲೇ ಹೋಗ್ಬಿಟ್ಟ. ಹಾಡನ್ನ ಅಲ್ಲಿಗೇ ಕಡಿದು ನಿಲ್ಲಿಸಿದ್ರಲ್ಲ, ಎಂಥಾ ಎದೆಗಾರಿಕೆ!" ಹೇಳುತ್ತ ಹೇಳುತ್ತ ಪ್ರತಿ ಸಲವೂ ಅವರ ಕಣ್ಣು ಒದ್ದೆಯಾಗುತ್ತಿತ್ತು.

ಗುಬ್ಬಿಯೂ ಅದನ್ನೇ ನಂಬಿ ಬೆಳೆದವಳು. ಅವಳು ಕೆಲಸಕ್ಕಿದ್ದ ಕನ್ನಡಕದ ಅಂಗಡಿಗೆ ಒಂದು ದಿನ ಉದ್ದಾನುದ್ದ ಆಸಾಮಿಯೊಬ್ಬ, ಇದೇ ಲಂಬು, ಸಡಿಲವಾದ ಕನ್ನಡಕ ಹಿಡಿದುಕೊಂಡು ಬಂದ. ಅವನ ಇಯರ್‌ಫೋನಿನಿಂದ ಸೋರುತ್ತಿದ್ದದ್ದು ಇದೇ ಹಾಡು! ಗುಬ್ಬಿಗೆ ಸ್ಕ್ರೂ ತಿರುಗಿಸುವುದೇ ಮರೆತುಹೋಯಿತು. ಅರ್ಧ ಕೂಗು ಬಂತು. ಆದರೆ ಹಾಡು ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. "ನಿಮ್ಮ ಫೋನು ಕೆಟ್ಟಿದೆ" ಎಂದು ಮುಖದ ಮೇಲೆ ಹೊಡೆದಂತೆ ಹೇಳಿದಳು. ಅಲ್ಲಿಂದ ಶುರುವಾದ ಜಗಳ ಇಬ್ಬರನ್ನೂ ಮದುವೆಯ ಮಾತಿನವರೆಗೆ ತಂದು ನಿಲ್ಲಿಸಿತ್ತು. ಆ ಜಗಳದ ನಡುವೆಯೇ ಅವಳಿಗೆ ನಿಜ ತಿಳಿದಿತ್ತು. ಅಪ್ಪನ ಗೆಳೆಯ ತುಂಬಿಸುವಾಗ ಮುಗಿದಿದ್ದದ್ದು ಹಾಡಲ್ಲ, ಕ್ಯಾಸೆಟ್ಟು.

ಅಪ್ಪನಿಗೆ ಹೇಗೆ ಹೇಳುವುದು? ಫೋನಿನಲ್ಲಿ ಹಾಡು ಕೇಳುವವರಂತೂ ಅವರಲ್ಲ. ಫೋನು ಇರುವುದು ಗಿರಾಕಿಗಳಿಂದ ಬೈಸಿಕೊಳ್ಳುವುದಕ್ಕೆ ಎಂದೇ ಅವರ ನಂಬಿಕೆ. ಅಷ್ಟು ವರ್ಷ ಎದೆಗಪ್ಪಿಕೊಂಡು ಮೆಚ್ಚಿದ ಕೊನೆ ಬರೀ ರೀಲು ಸಾಲದೆ ಬಂದದ್ದು ಎಂದರೆ ಅಪ್ಪ ಏನಾಗಬೇಕು? ಗುಬ್ಬಿ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಆ ಭಾನುವಾರ ಸಂಜೆ ಲಂಬು ಬಂದ. ಬಾಗಿಲಿಗೆ ಹಣೆ ಬಡಿಸಿಕೊಂಡೇ ಒಳಗೆ ಬಂದ. ಅಪ್ಪನಿಗೆ ಅದೇ ಇಷ್ಟವಾಯಿತೋ ಏನೋ, "ಬಾಪ್ಪಾ, ತಲೆ ಇದೆಯಾ?" ಎಂದು ನಗುತ್ತ ಆಗತಾನೆ ಹೊಲಿದು ಮುಗಿಸಿದ್ದ ಸೋಫಾದ ಮೇಲೆ ಕೂರಿಸಿದರು. ಸಂಬಳ ಕೇಳಲಿಲ್ಲ, ಅಡುಗೆ ಕೇಳಲಿಲ್ಲ. "ನಮ್ಮ ಹುಡುಗಿ ಹೇಳ್ತಿದ್ಳು, ನಿನಗೂ ಈ ಹುಚ್ಚು ಇದೆಯಂತೆ" ಎಂದವರೇ ನೇರವಾಗಿ 'ಹಡಗು' ಹಾಕಿಬಿಟ್ಟರು.

ಗುಬ್ಬಿ ಅಪ್ಪನ ಹಿಂದಿನಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಲಂಬು ಬಲು ವಿಧೇಯ. ಹೂಂ ಎನ್ನಬೇಕಾದಲ್ಲಿ ಹೂಂ ಎಂದ, ತಲೆ ಆಡಿಸಬೇಕಾದಲ್ಲಿ ಆಡಿಸಿದ. ಇಬ್ಬರೂ ಸೋಫಾದ ಕೈ ಮೇಲೆ ತಾಳ ಹಾಕುತ್ತ ಕೊನೆಯ ಹಾಡಿಗೆ ಬಂದರು. ಹಡಗು ಒಡೆಯಿತು. ಕೂಗು ಎದ್ದಿತು. ಟಕ್!

ಅಪ್ಪನ ಕೈ ನಿಂತಿತು. ಲಂಬುವಿನ ಕೈ ನಿಲ್ಲಲಿಲ್ಲ.

ಪಾಪ, ಅವನು ಬಾಯಿಗೆ ಬೀಗ ಹಾಕಿದ್ದ, ನಿಜ. ಬೆರಳಿಗೆ ಯಾರು ಹಾಕಬೇಕು? ಕಣ್ಣು ಮುಚ್ಚಿದ್ದವನು ಸದ್ದಿಲ್ಲದ ಕೋಣೆಯಲ್ಲಿ ಮುಂದಿನ ತಾಳವನ್ನು ಮೆಲ್ಲಗೆ ಬಾರಿಸುತ್ತಲೇ ಇದ್ದ. ಟೊಕ್... ಟೊಕ್, ಟೊಕ್...

"ಹಾಡು ನಿಂತಿದೆ" ಎಂದರು ಅಪ್ಪ. "ನಿನ್ನ ಕೈ ಯಾಕಪ್ಪ ನಿಂತಿಲ್ಲ?"

ಲಂಬು ಕಣ್ಣು ಬಿಟ್ಟು ಗುಬ್ಬಿಯನ್ನು ನೋಡಿದ. ಸತ್ತೆ ಎಂದುಕೊಂಡಳು ಗುಬ್ಬಿ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅಪ್ಪನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು. ಕ್ಯಾಸೆಟ್ಟಿನ ಉದ್ದ, ಆಲ್ಬಮ್ಮಿನ ಉದ್ದ, ತುಂಬಿಸುವಾಗ ರೀಲು ಮುಗಿದದ್ದು. "ಗೊತ್ತಾಗಿ ಒಂದು ವರ್ಷ ಆಯ್ತಪ್ಪ. ನೀವು ಅಷ್ಟು ಪ್ರೀತಿಯಿಂದ ಹೇಳ್ತಿದ್ರಿ. ನನಗೆ ಬಾಯೇ ಬರ್ಲಿಲ್ಲ."

ಅಪ್ಪ ಕ್ಯಾಸೆಟ್ಟನ್ನು ಹೊರತೆಗೆದು, ಅದರ ಮೇಲಿನ ಹಡಗನ್ನು ಹೆಬ್ಬೆರಳಿನಿಂದ ಉಜ್ಜುತ್ತ ಮತ್ತೆ ಕೂತರು. ಅವರ ಮುಖ ಇಳಿದುಹೋಗಿತ್ತು.

"ಹಾಗಾದ್ರೆ ಅವನು?" ಎಂದರು.

"ಯಾರಪ್ಪ?"

"ಅವನೇ ಕಣೇ. ನೀರಿಗೆ ಬಿದ್ದೋನು. ಅವನ ಕತೆ ಏನಾಯ್ತು?"

ಲಂಬು ಫೋನು ತೆಗೆದು ಕೊನೆಯ ಹಾಡು ಹಾಕಿದ. ಈ ಸಲ ಕೂಗು ತುಂಡಾಗಲಿಲ್ಲ. ಉದ್ದಕ್ಕೆ ಎಳೆದು, ನಡುಗಿ, ಪೂರ್ತಿಯಾಯಿತು. ಗದ್ದಲವೆಲ್ಲ ಅಡಗಿ ಒಂದೇ ಗಿಟಾರು ಉಳಿಯಿತು. ಅದರ ಹಿಂದೆಯೇ ಲಂಬುವಿನ ಬೆರಳು ಬಾರಿಸಿದ್ದ ಆ ನಿಧಾನದ ತಾಳ. ಅದೇ ಗಂಟಲು, ಈಗ ಸಣ್ಣಗೆ, ಸುಸ್ತಾಗಿ ಹಾಡತೊಡಗಿತು. ಅಪ್ಪ ಫೋನಿನ ಮೇಲೆಯೇ ಬಾಗಿದ್ದರು.

"ಏನಂತಾನೆ? ಏನಂದ ಈಗ?"

"ಕಾಲಿಗೆ ಮರಳು ಸಿಕ್ತು ಅಂತಾನೆ, ಅಂಕಲ್."

ಅಪ್ಪ ದಡಕ್ಕನೆ ಎದ್ದರು. ಮೆಟ್ಟಿಲ ಬಳಿ ಓಡಿ, "ಲೇ! ಬದುಕಿದ್ದಾನೆ ಕಣೇ! ಅವನು ಬದುಕಿದ್ದಾನೆ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದರು.

ಅಮ್ಮ ಗಾಬರಿಯಾಗಿ, ಕೈಯಲ್ಲಿ ಸೌಟು ಹಿಡಿದವಳು ಹಾಗೇ ಇಳಿದು ಬಂದಳು. "ಯಾರ್ರೀ? ಯಾರಿಗೆ ಏನಾಗಿತ್ತು?"

"ಹಡಗಿನವನು! ದಡ ಸೇರಿದ್ದಾನೆ!" ಅಪ್ಪ ಅಳುತ್ತಿದ್ದರು, ನಗುತ್ತಲೂ ಇದ್ದರು. ಗುಬ್ಬಿಯ ಕಡೆ ತಿರುಗಿ, "ಹುಚ್ಚು ಮುಂಡೇದೆ, ಒಬ್ಬ ಮನುಷ್ಯ ಬದುಕಿದ್ದಾನೆ ಅಂತ ಗೊತ್ತಿದ್ದೂ ಒಂದು ವರ್ಷ ಬಾಯಿ ಬಿಡದೆ ಇರ್ತಾರೇನೇ?" ಎಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಗುಬ್ಬಿಗೂ ಅಳು ಬಂತು. ಇಷ್ಟು ಹಗುರಾಗಿ ಅವಳು ಎಂದೂ ಅತ್ತಿರಲಿಲ್ಲ.

ಅಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಅದು ಹಾಳಾಗ್ಲಿ. ಹುಡುಗ ಹೇಗೆ? ವಿಚಾರಿಸಿದ್ರಾ?"

"ವಿಚಾರಿಸೋದೇನೇ?" ಅಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. "ಸತ್ತ ಅಂತ ನಾನು ಇಷ್ಟು ವರ್ಷ ಅತ್ತೆನಲ್ಲ, ಅವನನ್ನೇ ಬದುಕಿಸಿ ಕರ್ಕೊಂಡು ಬಂದಿದ್ದಾನೆ. ಇಂಥವನನ್ನ ಬಿಟ್ಟು ಇನ್ಯಾರನ್ನ ಹುಡುಕ್ಲಿ? ಸುಮ್ನೆ ಕೂತ್ಕೊ, ಇನ್ನೊಂದ್ಸಲ ಹಾಕ್ತಾನೆ."

ಅಮ್ಮ ಸೌಟನ್ನು ಮಡಿಲಲ್ಲಿಟ್ಟುಕೊಂಡು ಹೊಸ ಸೋಫಾದ ಮೇಲೆ ಕುಳಿತಳು. ಲಂಬು ಮೊದಲಿನಿಂದ ಹಾಕಿದ.